ಹಾಡಿನ ಡಾಕ್ಟರ್

ಕಂದಲಗಾಂವದ ಸಾರಿಕಾಳ ಫೋನಿನಲ್ಲಿ ಆ ಬೆಳಿಗ್ಗೆ ನೆಟ್‌ವರ್ಕಿನ ಕಡ್ಡಿ ಇನ್ನೊಂದು ಹೆಚ್ಚಿಗೆ ಇದ್ದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ಅಕ್ಕಲಕೋಟದ ಕಾಲೇಜೊಂದರಲ್ಲಿ ಕನ್ನಡ ಕಲಿಸುವ ಕೆಲಸ ಖಾಲಿಯಿತ್ತು. ಅರ್ಜಿಗೆ ಅಂದೇ ಕೊನೆಯ ದಿನ, ಐದು ಗಂಟೆಯೊಳಗೆ ಕೊಡಬೇಕು, ಜೊತೆಗೆ ಒಬ್ಬ ವಿದ್ವಾಂಸರ ಶಿಫಾರಸು ಪತ್ರ ಇರಬೇಕು. ಡೊಳ್ಳಿನ ಪದ ಹಾಡಿ ಹೆಸರಾಗಿ, ಅದರ ಮೇಲೆಯೇ ಪಿಎಚ್‌ಡಿ ಮಾಡಿದ ಅಮೋಗಸಿದ್ಧ ಅವರನ್ನು ಸುತ್ತಲಿನ ಊರೆಲ್ಲ ‘ಹಾಡಿನ ಡಾಕ್ಟರ್’ ಎನ್ನುತ್ತಿತ್ತು. “ಪತ್ರ ನೀನ ಬರಕೊಂಡ ಬಾ ತಂಗಿ, ನಾ ಸಹಿ ಮಾಡ್ತೀನಿ” ಎಂದು ಅವರು ಹೋದ ವಾರ ಫೋನಿನಲ್ಲಿ ಒಪ್ಪಿದ್ದರು. ಸಾರಿಕಾ ಅವರನ್ನು ನೋಡಿದ್ದು ಪೋಸ್ಟರಿನಲ್ಲಿ ಮಾತ್ರ. ಬುಟ್ಟಿಯಷ್ಟು ದೊಡ್ಡ ರುಮಾಲು, ಹುಬ್ಬಿನ ತನಕ ಭಂಡಾರದ ಅರಿಸಿನ.

ಬೆಳಿಗ್ಗೆ ಫೋನ್ ಮಾಡಿದರೆ ಅವರ ಸೊಸೆ ಎತ್ತಿದಳು. ಗರಗರ ಸದ್ದಿನ ನಡುವೆ ಮರಾಠಿಯಲ್ಲಿ ಕೇಳಿಸಿದ್ದು ಇಷ್ಟೇ: “ಬಾಬಾ... ಹಾಡಾಚೇ ಡಾಕ್ಟರ್... ಸೋಲಾಪುರ... ಸಾತ್ ರಸ್ತಾ...” ಫೋನ್ ಕಟ್ಟಾಯಿತು. ಹಾಡಿನ ಡಾಕ್ಟರ್ ಸೋಲಾಪುರದ ಸಾತ್ ರಸ್ತಾದಲ್ಲಿದ್ದಾರೆ ಎಂದು ಸಾರಿಕಾ ಚೀಲ ಹೆಗಲಿಗೇರಿಸಿದಳು.

ಓಣಿಯಲ್ಲಿ ನೆರೆಮನೆಯ ದ್ರೌಪದಿ ಕಾಕು ಅಡ್ಡ ಬಂದಳು. “ಎಲ್ಲಿಗಿ ಹೊಂಟಿ ಸಾರಿಕಾ?”

“ಸೋಲಾಪುರಕ್ಕ ರೀ ಕಾಕು. ಹಾಡಿನ ಡಾಕ್ಟರ್ ಕಡಿ.”

“ತಡಿ, ಚಪ್ಪಲಿ ಹಾಕ್ಕೊಂಡ ಬರ್ತೀನಿ. ನಂದೂ ಮೊಣಕಾಲ ತೋರ್ಸೂದದ.”

ಹಾಡಿಗೂ ಮೊಣಕಾಲಿಗೂ ಏನು ಸಂಬಂಧ? ಸಂಗೀತದಿಂದ ರೋಗ ವಾಸಿಯಾಗುತ್ತದೆಂದು ಸಾರಿಕಾ ಎಲ್ಲೋ ಓದಿದ್ದಳು. ಕೇಳಬೇಕೆನಿಸಿತು. ಆದರೆ ಕಂಡಕ್ಟರನ ಹತ್ತಿರ ಚಿಲ್ಲರೆ ಕೇಳಲೂ ಮೂರು ಸಲ ಬಾಯಿ ತೆರೆದು ಮುಚ್ಚುವ ಹುಡುಗಿ ಅದು. ಅಷ್ಟರಲ್ಲಿ ಕಾಕು ಇಡೀ ಬಸ್ಸಿಗೆ ಸುದ್ದಿ ಹಂಚಿಯಾಗಿತ್ತು. “ಪಾಪ, ಸಣ್ಣ ವಯಸ್ಸಿನ್ಯಾಗ ಈ ಹುಡಿಗಿಗೂ ಅದ ತ್ರಾಸ.” ಹಿಂದಿನ ಸೀಟಿನವನೊಬ್ಬ ಎದ್ದು ಜಾಗ ಕೊಟ್ಟ.

ಸಾತ್ ರಸ್ತಾದಲ್ಲಿ “ಹಾಡಿನ ಡಾಕ್ಟರ್” ಎನ್ನುವಷ್ಟರಲ್ಲಿ ರಿಕ್ಷಾದವನು “ಬಸಾ, ಬಸಾ” ಎಂದು ಕೂರಿಸಿಕೊಂಡು ಒಂದು ಮೆಟ್ಟಿಲ ಬುಡದಲ್ಲಿ ಇಳಿಸಿದ. ಅಲ್ಲಿಯ ಬೋರ್ಡಿನ ಮೇಲೆ ಯಾರದೋ ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟಿದ್ದರು. ಮೆಟ್ಟಿಲೇರಿದರೆ ಇಪ್ಪತ್ತು ಮಂದಿ, ಕೆಲವರು ಕುಂಟುತ್ತಿದ್ದರು, ಕೆಲವರು ಸೊಂಟ ಹಿಡಿದುಕೊಂಡು ಕೂತಿದ್ದರು. ಇವರೆಲ್ಲ ಡೊಳ್ಳು ಕುಣಿದೇ ಹೀಗಾದರೇನೋ ಎಂದುಕೊಂಡಳು ಸಾರಿಕಾ.

ಮೇಜಿನ ಹಿಂದೆ ಕಂಪೌಂಡರ್ ರೇವಣ್ಣ ಕೂತಿದ್ದ. “ಏನ್ ಆಗ್ಯದ?”

“ಏನೂ ಆಗಿಲ್ರಿ. ಡಾಕ್ಟರದು ಒಂದ ಸಹಿ ಬೇಕಾಗಿತ್ರಿ.”

“ಸರ್ಟಿಫಿಕೇಟ್ ಏನು? ಮೊದಲ ಫೋಟೋ ತಗಸ್ರಿ.”

ದೊಡ್ಡವರ ಜೊತೆ ಫೋಟೋ ಅಂದರೆ ಸುಮ್ಮನೆ ಮಾತೇ? ಸಾರಿಕಾ ಕೂದಲು ಸರಿಮಾಡಿಕೊಂಡು ಒಳಗೆ ಹೋದಳು. ಕತ್ತಲ ಕೋಣೆ. ಒಬ್ಬಾಕೆ ಅವಳ ಬಲಗೈಯನ್ನು ತಣ್ಣಗಿನ ಹಲಗೆಯ ಮೇಲಿಟ್ಟು “ಅಳ್ಳಾಡಬ್ಯಾಡ್ರಿ” ಅಂದಳು. ಸಾರಿಕಾ ಯಂತ್ರದ ಕಡೆಗೆ ಮುಖ ಮಾಡಿ ಹಲ್ಲು ಕಾಣಿಸದಂತೆ ನಕ್ಕಳು.

“ಕೈದ ಫೋಟೋಕ ಯಾಕ ನಗ್ತಿ ಅವ್ವಾ?”

ಆಗ ಮೂಲೆಯಲ್ಲಿ ತೂಗುಹಾಕಿದ್ದ ಅಸ್ಥಿಪಂಜರ ಕಣ್ಣಿಗೆ ಬಿತ್ತು. ಮರಾಠಿಯಲ್ಲಿ ಹಾಡ ಅಂದರೆ ಎಲುಬು. ಹುಟ್ಟಿದಾಗಿನಿಂದ ಗೊತ್ತಿದ್ದ ಮಾತು ಬೆಳಿಗ್ಗೆಯಿಂದ ತಲೆಗೇ ಬಂದಿರಲಿಲ್ಲ. ತಾನು ಬಂದದ್ದು ಎಲುಬಿನ ಡಾಕ್ಟರ ಹತ್ತಿರ.

ಹೊರಗೆ ಬೆಂಚಿನ ಮೇಲೆ ಕುಸಿದಳು. ಗಂಟೆ ಎರಡಾಗಿತ್ತು. ಪಕ್ಕದಲ್ಲಿ ಬಲಗೈಗೆ ಹಸಿ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ಬೋಳುತಲೆಯ ಮುದುಕರು. “ಬಹಳ ನೋಯ್ತದೇನವ್ವಾ?”

ಅಪರಿಚಿತರ ಮುಂದೆ ಸಾರಿಕಾ ಎಂದೂ ಅಷ್ಟು ಮಾತಾಡಿದವಳಲ್ಲ. ಅರ್ಜಿ, ಪತ್ರ, ಫೋನು ಎಲ್ಲ ಹೇಳಿ, “ದೊಡ್ಡ ಮಂದಿ ಹಿಂಗ ನೋಡ್ರಿ. ಬಾ ಅಂತಾರ, ಹ್ವಾದ್ರ ಸಿಗೂದಿಲ್ಲ” ಎಂದು ಮುಗಿಸಿದಳು.

ಮುದುಕರು ಕೆಮ್ಮಿದರು. “ಸಿಕ್ಕಾನಲ್ಲ ತಂಗಿ. ನಾನ ಅಮೋಗಸಿದ್ಧ. ನಿನ್ನಿ ಡೊಳ್ಳ ಹೊತ್ತ ಜಾರಿ ಬಿದ್ದೆ. ಸೊಸಿ ಖರೇನ ಹೇಳ್ಯಾಳ, ಹಾಡಾಚೇ ಡಾಕ್ಟರ್ ಕಡಿ ಹೋಗ್ಯಾರ ಅಂತ.”

ದ್ರೌಪದಿ ಕಾಕು ನಂಬಲಿಲ್ಲ. “ಡಾಕ್ಟರ್ ಇದ್ದವ್ರು ಪಾಳಿದಾಗ ಯಾಕ ಕುಂತೀರಿ?”

ಅವರು ಸಣ್ಣ ದನಿಯಲ್ಲಿ ಬೀರಪ್ಪನ ಪದದ ಒಂದು ಎಳೆ ಎತ್ತಿದರು. ಕುಂಟುವವರೆಲ್ಲ ಕುಂಟುವುದನ್ನು ಮರೆತು ಸುತ್ತ ನಿಂತರು. ಸಾರಿಕಾ ಪತ್ರ ಮುಂದಿಟ್ಟಳು. ಅವರು ಪ್ಲಾಸ್ಟರನ್ನು ನೋಡಿದರು, ಅವಳೂ ನೋಡಿದಳು.

“ಎಡಗೈಲೆ ಮಾಡ್ರಲ್ಲ” ಎಂದ ರೇವಣ್ಣ.

“ಸೊಟ್ಟ ಆಗ್ತದ. ಯಾರೋ ನಕಲಿ ಮಾಡ್ಯಾರ ಅಂದ್ರ ಈ ಹುಡಿಗಿ ಹೆಸರ ಹಾಳ.”

“ಅಂಗಠಾ ಒತ್ರಿ” ಅಂದಳು ಕಾಕು. “ಬ್ಯಾಂಕಿನ್ಯಾಗ ನಂದು ಅದ ನಡೀತದ.”

ರೇವಣ್ಣ ಶಾಯಿಯ ಡಬ್ಬಿ ತಂದ. ‘ಡಾ. ಅಮೋಗಸಿದ್ಧ, ಎಂ.ಎ., ಪಿಎಚ್.ಡಿ.’ ಎಂಬ ಅಕ್ಷರಗಳ ಮೇಲೆ ಎಡಗೈ ಹೆಬ್ಬೆಟ್ಟು ನೇರಳೆಹಣ್ಣಿನಂತೆ ದುಂಡಗೆ ಮೂಡಿತು.

ಐದಕ್ಕೆ ಹತ್ತು ನಿಮಿಷ ಇರುವಾಗ ಸಾರಿಕಾ ಅಕ್ಕಲಕೋಟದ ಕಾಲೇಜಿನ ಕಚೇರಿಗೆ ಓಡಿಬಂದಳು. ಕ್ಲರ್ಕ್ ಲಕ್ಷ್ಮೀಕಾಂತ ಹೆಬ್ಬೆಟ್ಟನ್ನು ನೋಡಿದ. ಅವಳು “ಅದು ರೀ...” ಎಂದು ಬಾಯಿ ತೆರೆದು ಮುಚ್ಚಿದಳು.

“ಹೆದರಬ್ಯಾಡ ತಂಗಿ, ಅಂಗಠಾನೂ ನಡೀತದ. ಅದಕ್ಕಂತ ಬ್ಯಾರೆ ಶಿಕ್ಕಾ ಇಟ್ಟೀವಿ.” ಡ್ರಾವರಿನಿಂದ ಒಂದು ರಬ್ಬರ್ ಶಿಕ್ಕಾ ತೆಗೆದು, ಶಾಯಿ ತಾಗಿಸಿ, ಹೆಬ್ಬೆಟ್ಟಿನ ಕೆಳಗೆ ಪಟ್ಟನೆ ಒತ್ತಿದ. ಸಾರಿಕಾಳಿಗೆ ಅವನ ಕಾಲಿಗೆ ಬೀಳಬೇಕೆನಿಸಿತು.

ದಾಖಲೆಗೆ ಹಚ್ಚುವ ಮೊದಲು ಲಕ್ಷ್ಮೀಕಾಂತ ಕನ್ನಡಕ ಏರಿಸಿ, ಒತ್ತಿದ್ದನ್ನು ಮೇಲಿನ ಹೆಸರಿನೊಂದಿಗೆ ಕೂಡಿಸಿ ನಿಧಾನ ಓದಿದ: “ಡಾಕ್ಟರ್ ಅಮೋಗಸಿದ್ಧ, ಎಂ.ಎ., ಪಿಎಚ್.ಡಿ. ಇವರಿಗೆ ಓದು ಬರಹ ಬಾರದ ಕಾರಣ ಈ ಕಾಗದವನ್ನು ಓದಿ ಹೇಳಲಾಗಿದೆ.”

ಗೋಡೆಯ ಗಡಿಯಾರ ಐದು ಹೊಡೆಯಿತು. ಲಕ್ಷ್ಮೀಕಾಂತ ಪತ್ರವನ್ನು ಮೆಲ್ಲಗೆ ಅವಳ ಕಡೆಗೆ ಸರಿಸಿದ.

“ತಂಗಿ, ಓದಾಕ ಬರಿಯಾಕ ಬರಲಾರದವ್ರು, ನೀ ಚೊಲೊ ಕಲಸ್ತಿ ಅಂತ ಹ್ಯಾಂಗ ಹೇಳಿದ್ರು?”