ನೋಡದ ಬೀಗಕ್ಕೆ ಮಾಡಿಟ್ಟ ಕೀ

ಹೆಂಡತಿ: ಹೇಗೂ ಇಲ್ಲಿವರೆಗೆ ಬಂದಿದ್ದೀರಿ. ತೋಳು ಚಾಚಿದರೆ ಆಯ್ತು.

ಗಂಡ: ನಾನು ಬಂದಿದ್ದು ಬೀಗ ತೆಗೆಯೋಕೆ. ನೀನು ಕೀ ಕಳೆದುಕೊಂಡೆ ಅಂತ ಫೋನ್ ಮಾಡಿದ್ದಕ್ಕೆ. ತೋಳಿನ ಮಾತು ಎತ್ತಬೇಡ.

ಬೀಗ ರಿಪೇರಿ ಮಾಡುವ ಗಂಡ ಆಸ್ಪತ್ರೆಯ ಲಸಿಕೆ ಕೋಣೆಯಲ್ಲಿ ಹಳೇ ಫ್ರಿಜ್ಜಿನ ಮುಂದೆ ಮೊಣಕಾಲೂರಿದ್ದ. ಅಲ್ಲೇ ನರ್ಸಾಗಿರುವ ಹೆಂಡತಿ ಪಕ್ಕದಲ್ಲಿ ನಿಂತಿದ್ದಳು. ಮುಂದಿನ ತಿಂಗಳು ಮಗಳು ಹಸುಗೂಸಿನ ಜೊತೆ ಬರುವವಳಿದ್ದಳು. ನಾಯಿಕೆಮ್ಮಿನ ಇಂಜೆಕ್ಷನ್ ಹಾಕಿಸಿಕೊಳ್ಳದವರ ಕೈಗೆ ಮಗು ಕೊಡುವುದಿಲ್ಲ, ಅಪ್ಪನಾದರೂ ಅಷ್ಟೇ ಎಂದು ಕಡ್ಡಿ ತುಂಡು ಮಾಡಿದಂತೆ ಹೇಳಿದ್ದಳು. ಮೊಮ್ಮಗಳನ್ನು ಎತ್ತಿಕೊಳ್ಳುವ ಆಸೆ ಅವನಿಗೆ ಬೆಟ್ಟದಷ್ಟಿತ್ತು. ಸೂಜಿಯ ಭಯವೂ ಅಷ್ಟೇ ಇತ್ತು. ಭಯ ಅನ್ನಲು ನಾಚಿಕೆಯಾಗಿ ಅದಕ್ಕೆ ವಿಚಾರ ಎಂದು ಹೆಸರಿಟ್ಟಿದ್ದ.

ಗಂಡ: ನಾಯಿಕೆಮ್ಮು ನನಗೆ ಚಿಕ್ಕವನಿದ್ದಾಗಲೇ ಬಂದು ಹೋಗಿದೆ. ಒಂದು ಸಲ ಬಂದಿದ್ದನ್ನ ಮೈ ನೆನಪಿಟ್ಕೊಳ್ಳುತ್ತೆ ಅಂತ ನೀನೇ ಹೇಳಿದ್ದೆ.

ಹೆಂಡತಿ: ಕೆಲವನ್ನ ಜನ್ಮವಿಡೀ ಇಟ್ಕೊಳ್ಳುತ್ತೆ, ಕೆಲವನ್ನ ಬಿಟ್ಟುಬಿಡುತ್ತೆ. ಮದುವೆಲಿ ನಮ್ಮಣ್ಣ ನಿಮಗೆ ಕುರ್ಚಿ ಕೊಡಲಿಲ್ಲ ಅನ್ನೋದು ನೆನಪಿದೆ. ಬೆಳಿಗ್ಗೆ ಹಾಲು ತನ್ನಿ ಅಂದಿದ್ದು ನೆನಪಿತ್ತಾ?

ಗಂಡ: ಕುರ್ಚಿ ಖಾಲಿ ಇತ್ತು ಕಣೆ. ಅದರ ಮೇಲೆ ಬ್ಯಾಗಿಟ್ಟಿದ್ದ.

ಇನ್ನೊಂದು ಕೀ ತೂರಿಸಿದ. ಅದೂ ತಿರುಗಲಿಲ್ಲ.

ಗಂಡ: ಸರಿ, ಹೊಸ ರೋಗಾಣು ಬಂತು ಅನ್ನು. ಮೈ ಏನು, ಅಳತೆ ತಗೊಂಡು ಮದ್ದು ಮಾಡುತ್ತಾ?

ಹೆಂಡತಿ: ಇಲ್ಲ. ರಕ್ತದಲ್ಲಿ ಕೋಟಿಗಟ್ಟಲೆ ಬಿಳಿಕಣ ಇವೆ. ಒಂದೊಂದರ ಹತ್ರ ಒಂದೊಂದು ಥರ ಕೀ ಅಂತಿಟ್ಕೊಳ್ಳಿ. ರೋಗಾಣು ಬರೋ ಮುಂಚೆನೇ ಮಾಡಿಟ್ಟಿರೋದು. ಬಂದಾಗ ಯಾವುದರ ಕೀ ಕೂರುತ್ತೋ ಆ ಕಣ ತನ್ನಂಥವನ್ನೇ ಸಾವಿರಗಟ್ಟಲೆ ಹುಟ್ಟಿಸುತ್ತೆ. ಅದಕ್ಕೇ ಮೊದಲ ಸಲ ತಡ ಆಗೋದು.

ಗಂಡನ ಕಸುಬಿಗೇ ಅವಮಾನವಾಯಿತು. ಕೈ ಕೆಲಸ ನಿಲ್ಲಿಸಿ ತಿರುಗಿದ.

ಗಂಡ: ಬೀಗನೇ ನೋಡದೆ ಕೋಟಿ ಕೀ ಮಾಡಿಡೋದಾ? ಯಾವ ತಲೆಕೆಟ್ಟವನ ಅಂಗಡಿನೇ ಅದು?

ಹೆಂಡತಿ: ನಿಮ್ಮದೇ ಇರಬೇಕು. ಕೈಲೇನಿದೆ?

ಕೈಲಿ ದೊಡ್ಡ ಕೀಗೊಂಚಲಿತ್ತು. ಗಿರಾಕಿಯಿಲ್ಲದ ಹೊತ್ತಲ್ಲಿ ಯಾವುದಕ್ಕಾದರೂ ಆಗಲಿ ಎಂದು ತಾನೇ ಅರ ಹಾಕಿ ಉಜ್ಜಿದ ಕೀಗಳು. ಆಗಿನಿಂದ ಅವನ್ನೇ ಒಂದೊಂದಾಗಿ ತೂರಿಸುತ್ತಿದ್ದ.

ಗಂಡ: ಇದು ಬೇರೆ.

ಹೆಂಡತಿ: ಹೂಂ, ಬೇರೆ.

ಅಷ್ಟರಲ್ಲಿ ಬೀಗ ತೆರೆಯಿತು. ಆ ಕೀಗೆ ಬಣ್ಣಗೆಟ್ಟ ದಾರದ ತುಣುಕೊಂದು ಅಂಟಿಕೊಂಡಿತ್ತು. ಕಸವೆಂದು ಅದನ್ನು ಕಿತ್ತೆಸೆದು, ಜೇಬಿನಿಂದ ಕೆಂಪು ದಾರ ತೆಗೆದು ಬಿಗಿಯಾಗಿ ಕಟ್ಟಿದ.

ಹೆಂಡತಿ: ದಾರ ಯಾಕೆ?

ಗಂಡ: ನೀನು ಇನ್ನೊಂದು ಸಲ ಕಳ್ಕೊಂಡರೆ ಮತ್ತೆ ಇಷ್ಟೂ ಹುಡುಕ್ತಾ ಕೂರ್ಲಾ? ದಾರ ನೋಡಿ ಥಟ್ಟಂತ ತೆಗೀತೀನಿ.

ಹೆಂಡತಿ: ಲಸಿಕೆ ಅಂದ್ರೆ ಅಷ್ಟೇ ರೀ. ನಿಜವಾದ ರೋಗ ಬರೋ ಮುಂಚೆ ದಾರ ಕಟ್ಟಿಡೋದು. ನಿಮ್ಮ ಹಳೇ ದಾರದ ಬಣ್ಣ ಹೋಗಿದೆ. ಕೂಸು ಈ ದಾರ ಇನ್ನೂ ಕಟ್ಟಿಕೊಂಡಿಲ್ಲ.

ಗಂಡನ ವಿಚಾರವೆಲ್ಲ ಅಲ್ಲಿಗೆ ಮುಗಿಯಿತು. ಉಳಿದದ್ದು ಭಯ ಮಾತ್ರ. ಫೋನಿನಲ್ಲಿ ಕಂಡ ಪುಟ್ಟ ಮುಷ್ಟಿಯನ್ನು ನೆನೆಸಿಕೊಂಡು ಅಂಗಿಯ ತೋಳು ಮಡಚಿ, ಮುಖ ಗೋಡೆಗೆ ತಿರುಗಿಸಿ ಕಣ್ಣು ಮುಚ್ಚಿ ಕೂತ. ಕಣ್ಣು ಬಿಡುವಷ್ಟರಲ್ಲಿ ಕೆಲಸ ಆಗಿತ್ತು. ಹೆಂಡತಿ ಜೇಬಿಗೆ ಕೈ ಹಾಕಿ ಒಂದು ಕೀ ತೆಗೆದು ಫ್ರಿಜ್ಜಿಗೆ ಬೀಗ ಹಾಕುತ್ತಿದ್ದಳು.

ಗಂಡ: ಆ ಕೀ ಕಳೆದುಹೋಗಿತ್ತಲ್ಲ?

ಹೆಂಡತಿ: ನೀವು ಬರಬೇಕಿತ್ತಲ್ಲ.

ಗಂಡ: ಇನ್ನು ಬೀಗ ಅಂತ ನೀನು ಕರೆದರೆ ನಾನು ಬಂದ ಹಾಗೇ. ಇದು ಮಾತ್ರ ಸಾಯೋವರೆಗೂ ಮರೆಯಲ್ಲ.

ಹೆಂಡತಿ: ಮರೀತೀರಿ. ಹತ್ತು ವರ್ಷದ ಹಿಂದೆ ಇದೇ ಇಂಜೆಕ್ಷನ್ನಿಗೆ ಹೀಗೇ ಕರೆದಿದ್ದೆ. ಆಗ ಕಟ್ಟಿದ ದಾರಾನೇ ನೀವು ಈಗ ಕಸ ಅಂತ ಕಿತ್ತೆಸೆದಿದ್ದು.