ಕೋಳಿ ಬಿಡದ ಕೊಬ್ಬರಿ ಎಣ್ಣೆ

ವಿಜ್ಞಾನದ ಮೇಷ್ಟ್ರಾದವನು ಊರವರಿಗೆ ಬುದ್ಧಿ ಹೇಳಹೋದರೆ ಹೀಗೆಲ್ಲ ಆಗುತ್ತಲೇ ಇರುತ್ತದೆ. ಕಳಸದ ಹೈಸ್ಕೂಲಿನಲ್ಲಿ ನನ್ನ ಮಾತನ್ನು ಯಾವ ಹುಡುಗರೂ ಕೇಳುವುದಿಲ್ಲ. ಪಕ್ಕದ ಮನೆಯ ರೈಟರು ಮಾತ್ರ ಪೂರ್ತಿ ಕೇಳುವ ಮೊದಲೇ ಮಾಡಿಬಿಡುತ್ತಾರೆ. ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವ ಅವರು ತುಂಬ ಒಳ್ಳೆಯವರು, ಅದೇ ತೊಂದರೆ. ಹೋದ ಮಾಘದಲ್ಲಿ ಅವರ ಒಬ್ಬಳೇ ಮಗಳ ನಿಶ್ಚಿತಾರ್ಥ. "ಬೀಗರ ಮುಂದೆ ಒಂದು ಹೆಚ್ಚುಕಮ್ಮಿ ಆಗ್ಬಾರ್ದು ಮೇಷ್ಟ್ರೇ, ನೀವು ಜೊತೆಗಿರಿ" ಅಂದರು. ಇದ್ದೆ.

೧. ಗಾಳಿ

ಬೀಗರಿಗೆಂದು ಮಂಗಳೂರಿನಿಂದ ಬಾಳೆಕಾಯಿ ಚಿಪ್ಸ್ ತರಿಸಿದ್ದರು. ಘಾಟಿ ಹತ್ತಿ ಬರುವಷ್ಟರಲ್ಲಿ ಪೊಟ್ಟಣಗಳೆಲ್ಲ ದಿಂಬಿನ ಹಾಗೆ ಉಬ್ಬಿದ್ದವು.

"ಕೆಟ್ಟುಹೋಯ್ತಾ ಮೇಷ್ಟ್ರೇ?"

"ಇಲ್ಲ. ಮೇಲೆ ಬಂದ ಹಾಗೆ ಹೊರಗಿನ ಗಾಳಿ ಒತ್ತಡ ಕಮ್ಮಿ ಆಗುತ್ತೆ, ಒಳಗಿನ ಗಾಳಿ ಹಿಗ್ಗುತ್ತೆ. ಅಷ್ಟೇ."

ನಾನು ಕಾಫಿ ಕುಡಿದು ಬರುವಷ್ಟರಲ್ಲಿ ಒಂದೊಂದು ಪೊಟ್ಟಣಕ್ಕೂ ಸೂಜಿ ಚುಚ್ಚಿ ಮುಗಿಸಿದ್ದರು. "ಪಾಪ, ಉಸಿರು ಕಟ್ಟಿತ್ತು. ಬಿಟ್ಟುಬಿಟ್ಟೆ." ಮಾರನೆಯ ಬೆಳಿಗ್ಗೆಯ ಮಂಜಿಗೆ ಚಿಪ್ಸ್ ಮೆತ್ತಗಾಗಿ, ಅಗಿದರೆ ಸದ್ದೇ ಇಲ್ಲ. ರೈಟರೇ ನನಗೆ ಧೈರ್ಯ ಹೇಳಿದರು: "ಇರ್ಲಿ ಬಿಡಿ ಮಾರಾಯ್ರೇ, ಬೀಗರಲ್ಲಿ ಹಲ್ಲಿಲ್ಲದವ್ರೂ ಇರ್ತಾರಲ್ಲ."

೨. ಎಣ್ಣೆ

ಅದೇ ಬೆಳಿಗ್ಗೆ ಮಗಳ ತಲೆಗೆ ಹಚ್ಚಲು ಕೊಬ್ಬರಿ ಎಣ್ಣೆ ಬೇಕಾಯಿತು. ಚಳಿಗೆ ಅದು ಬಾಟಲಿಯಲ್ಲೇ ಗಟ್ಟಿಯಾಗಿ ಕೂತಿತ್ತು. "ಬೆಂಕಿ ಹತ್ರ ಬೇಡ, ಪ್ಲಾಸ್ಟಿಕ್ಕು. ಮೈಬಿಸಿ ತಾಗಿದರೆ ಸಾಕು" ಅಂದೆ. ಕಂಕುಳಲ್ಲಿ ಇಟ್ಟುಕೊಳ್ಳಲಿ ಎಂದು ನನ್ನ ಎಣಿಕೆ. ರೈಟರು ಹಿತ್ತಲಿಗೆ ಹೋಗಿ, ಮೊಟ್ಟೆಗೆ ಕೂತಿದ್ದ ಹೇಂಟೆಯ ಅಡಿಗೆ ಇಟ್ಟು ಬಂದರು. "ಕೋಳಿ ಮೈ ಮನುಷ್ಯರಿಗಿಂತ ಬಿಸಿ ಅಂತ ನೀವೇ ಒಂದ್ಸಲ ಹೇಳಿದ್ರಿ."

ಎಣ್ಣೆ ಅರ್ಧ ಗಂಟೆಯಲ್ಲಿ ಕರಗಿರಬೇಕು. ನೋಡಿದವರು ಯಾರೂ ಇಲ್ಲ. ಹೇಂಟೆ ಬಾಟಲಿಯನ್ನೂ ತನ್ನ ಮೊಟ್ಟೆಯ ಲೆಕ್ಕಕ್ಕೆ ಸೇರಿಸಿಕೊಂಡು, ಕೈ ಹಾಕಿದವರಿಗೆಲ್ಲ ಕುಕ್ಕಿತು. ಮಗಳು ಒಣತಲೆಯಲ್ಲೇ ಹೂ ಮುಡಿದಳು.

೩. ಚಿನ್ನ

ಬೀಗರು ಬಂದು ಕೂತಾಗಿತ್ತು. ರೈಟರು ನನ್ನನ್ನು ಬಚ್ಚಲುಮನೆಗೆ ಕರೆದು ಬೆರಳು ತೋರಿಸಿದರು. ಮಗಳು ಹುಡುಗನಿಗೆ ತೊಡಿಸಬೇಕಾದ ಉಂಗುರವನ್ನು ಅಳತೆ ನೋಡಲು ತಾವು ಹಾಕಿಕೊಂಡಿದ್ದರು. ಈಗ ಬರುತ್ತಿರಲಿಲ್ಲ.

"ಮಗಳ ಬಾಳು ಮೇಷ್ಟ್ರೇ" ಎಂದು ತಮ್ಮ ದಪ್ಪ ಮೀಸೆ ನೆನೆಯುವಷ್ಟು ಅತ್ತೇಬಿಟ್ಟರು. ನನಗೂ ಸಂಕಟವಾಯಿತು.

"ಬಿಸಿ ಮಾಡಿದರೆ ಲೋಹ ಹಿಗ್ಗುತ್ತೆ" ಎಂದು ಹಂಡೆಯ ಬಿಸಿನೀರಿನಲ್ಲಿ ಕೈ ಅದ್ದಿಸಿದೆ. ಚಿನ್ನ ಹಿಗ್ಗಿದ್ದು ಕಣ್ಣಿಗೆ ಕಾಣಲಿಲ್ಲ, ಬೆರಳು ಊದಿದ್ದು ಚೆನ್ನಾಗಿ ಕಂಡಿತು. ಸೋಪು ತಿಕ್ಕಿದರೂ ಜಗ್ಗಲಿಲ್ಲ. "ಕೊಬ್ಬರಿ ಎಣ್ಣೆಯೇ ಆಗ್ಬೇಕು" ಎಂದು ರೈಟರ ಹೆಂಡತಿ ಕೋಳಿಗೂಡಿಗೆ ಓಡಿದರು. ಕುಕ್ಕಿಸಿಕೊಂಡ ಕೈಗೆ ಅರಿಶಿನ ಮೆತ್ತಿಕೊಂಡು ವಾಪಸು ಬಂದರು.

ಪುರೋಹಿತರು ಜಗಲಿಯಿಂದ ಕೂಗಿದರು: "ಮುಹೂರ್ತ ಮೀರುತ್ತೆ! ಉಂಗುರ ಬರದಿದ್ರೆ ಬೆರಳೇ ಬರ್ಲಿ!"

ಹಾಗೇ ಆಯಿತು. ಹುಡುಗ ನಗು ನುಂಗಿಕೊಂಡು ಮಾವನ ಬೆರಳನ್ನು ತನ್ನ ಬೆರಳಿಗೆ ಜೋಡಿಸಿ ಹಿಡಿದ. ಮಗಳು ಉಂಗುರ ಮುಟ್ಟಿ ಹಿಂದೆ ಸರಿದಳು. ಅಕ್ಷತೆ ಬಿತ್ತು, ಸಂಬಂಧ ಗಟ್ಟಿಯಾಯಿತು. ಸಂಜೆ ಊತ ಇಳಿದ ಮೇಲೆ ಉಂಗುರವೂ ಬಂತು.

ಅಷ್ಟರಲ್ಲಿ ಯಾರೋ ಅಕ್ಷತೆ ಹೊತ್ತಿನ ಫೋಟೋವನ್ನು ಕಡೂರಿನಲ್ಲಿದ್ದ ಹುಡುಗನ ಅಜ್ಜಿಗೆ ಕಳಿಸಿದ್ದರು. ಘಾಟಿಯ ತಿರುವಿಗೆ ತಲೆ ಸುತ್ತುತ್ತದೆಂದು ಅಜ್ಜಿ ಬಂದಿರಲಿಲ್ಲ. ಫೋಟೋದಲ್ಲಿ ಇದ್ದವರು ಇಬ್ಬರೇ: ಮೊಮ್ಮಗ, ಅವನ ಕೈ ಹಿಡಿದು ಆನಂದಬಾಷ್ಪ ಸುರಿಸುತ್ತಿದ್ದ ರೈಟರು.

ಅಜ್ಜಿ ಕೂಡಲೇ ಫೋನ್ ಮಾಡಿದರು: "ನಿಂಗೆ ಒಪ್ಪಿಗೆ ಆದ್ರೆ ನಂದೇನೂ ತಕರಾರಿಲ್ಲ ಕಣಪ್ಪ. ಮದುವೆ ದಿನಕ್ಕಾದ್ರೂ ಆ ಮೀಸೆ ತೆಗೆಸು."