ನಂಬರ್ ಪ್ಲೇಟಿಲ್ಲದ ತಮಗೆ, ಬಚ್ಚಲಲ್ಲಿ ಜಾರಿದವನ ದೂರು

ಗೆ,
ಶ್ರೀಮದ್ ವಿದ್ಯುತ್ ಸ್ಕೂಟರ್ ಮಹೋದಯರು,
ಆಸ್ಯಮ್ಮನವರ ಅಂಗಳದ ಪೇರಳೆ ಮರದಡಿ,
ಕುಲಶೇಖರ, ಮಂಗಳೂರು.
(ನೋಂದಣಿ ಸಂಖ್ಯೆ ಇಲ್ಲದ ಕಾರಣ ಬಣ್ಣದಿಂದ ಗುರುತಿಸತಕ್ಕದ್ದು: ತಿಳಿ ನೀಲಿ.)

ವಿಷಯ: ತಾವು ನನ್ನನ್ನು ಕೆಡವಿದ ಬಗ್ಗೆ, ಹಾಗೂ ಕೆಡವಿಸಿಕೊಂಡವನಿಗೆ ಕಾನೂನಿನಲ್ಲಿ ಏನೇನು ದಾರಿ ಉಂಟೆಂಬ ಬಗ್ಗೆ.

ಮಾನ್ಯರೇ,

ಈ ಪತ್ರ ತಲುಪುವ ವೇಳೆಗೆ ತಾವು ಬ್ಯಾಟರಿ ತುಂಬಿಸಿಕೊಂಡು, ಸೀಟಿನ ಮೇಲಿನ ಇಬ್ಬನಿ ಒರೆಸಿಸಿಕೊಂಡು ಸುಖವಾಗಿದ್ದೀರೆಂದು ನಂಬುತ್ತೇನೆ. ನಂಬುವುದೇನು ಬಂತು, ನಮ್ಮ ಕಿಟಕಿಯಿಂದಲೇ ಕಾಣುತ್ತದೆ. ಇತ್ತ ನಾನೂ ಕ್ಷೇಮ. ಬಲಗೈಯ ಮಣಿಕಟ್ಟು ಮಾತ್ರ ಆರು ತಿಂಗಳಿನಿಂದ ನನ್ನ ಮಾತು ಕೇಳುತ್ತಿಲ್ಲ, ಈ ಪತ್ರವೂ ಎಡಗೈಯ ಬರಹ. ಅಂಗಿಯ ಗುಂಡಿ ಹಾಕಲು, ಬಂಗುಡೆಯ ಮುಳ್ಳು ಬಿಡಿಸಲು ಹೆಂಡತಿಯೇ ಬೇಕು, ಅವಳು ಎರಡನ್ನೂ ಒಂದೇ ಬಿರುಸಿನಲ್ಲಿ ಮಾಡುತ್ತಾಳೆ.

ನನ್ನ ಪರಿಚಯ ತಮಗೆ ಇದ್ದೇ ಇದೆ, ಆದರೂ ಅರ್ಜಿಯಲ್ಲಿ ಬರೆಯುವುದು ಕ್ರಮ. ನಾನು ಗುರುವಪ್ಪ, ವಯಸ್ಸು ಅರವತ್ತಮೂರು. ವಿಮಾ ಕಂಪನಿಯೊಂದರ ಕ್ಲೇಮು ವಿಭಾಗದಲ್ಲಿ ಮೂವತ್ತೊಂದು ವರ್ಷ ಕುಳಿತು, ಅಪಘಾತದಲ್ಲಿ ಪೆಟ್ಟಾದವರ ಕಾಗದಪತ್ರಗಳಲ್ಲಿ ತಪ್ಪು ಹುಡುಕಿ, ಸಿಕ್ಕಿದಾಗ ಸಂತೋಷಪಟ್ಟು ನಿವೃತ್ತನಾದವನು. ಅಷ್ಟು ವರ್ಷ ಊರವರಿಗೆಲ್ಲ ಪಾಲಿಸಿ ನವೀಕರಿಸಲು ಬುದ್ಧಿ ಹೇಳಿದವನು ತನ್ನ ಸ್ವಂತ ಆರೋಗ್ಯ ವಿಮೆಯನ್ನು ನವೀಕರಿಸಲು ಮರೆತಿದ್ದಾನೆ ಎಂಬುದನ್ನೂ ಇಲ್ಲಿಯೇ ದಾಖಲಿಸಿಬಿಡುತ್ತೇನೆ.

ದೂರಿನ ಸಾರಾಂಶ ಇಷ್ಟು. ಕಳೆದ ನವೆಂಬರಿನ ಒಂದು ಬೆಳಿಗ್ಗೆ, ಕುಲಶೇಖರದ ನಮ್ಮ ಇಳಿಜಾರು ರಸ್ತೆಯ ಅಂಚಿನಲ್ಲಿ ಒಬ್ಬ ಸಭ್ಯ ನಾಗರಿಕನಾಗಿ ನಡೆದು ಹೋಗುತ್ತಿದ್ದ ನನ್ನನ್ನು, ತಾವು ಹಿಂದಿನಿಂದ ಸದ್ದಿಲ್ಲದೆ ಬಂದು ಕೆಡವಿದಿರಿ. ತಮ್ಮನ್ನು ಓಡಿಸುತ್ತಿದ್ದವರು ನಮ್ಮ ನೆರೆಮನೆಯ ಆಸ್ಯಮ್ಮ. ಗಂಡ ಇದಿನಬ್ಬನವರು ತೀರಿಕೊಂಡ ಮೇಲೆ ಅಕ್ಕಿರೊಟ್ಟಿ ಮಾಡಿ ಕಂಕನಾಡಿಯ ಹೋಟೆಲುಗಳಿಗೆ ಒದಗಿಸಿ ಸಂಸಾರ ನಡೆಸಿದವರು. ಹನ್ನೆರಡು ವರ್ಷ ಎರಡು ಡಬ್ಬಿ ಹೊತ್ತು ಬಸ್ಸು ಹತ್ತಿದ ಆ ಹೆಂಗಸಿಗೆ ಐವತ್ತೆಂಟನೆಯ ವಯಸ್ಸಿನಲ್ಲಿ ಸ್ಕೂಟರ್ ಕಲಿಯುವ ಧೈರ್ಯ ಕೊಟ್ಟ ಪುಣ್ಯಾತ್ಮ ಯಾರೆಂದು ತಾವು ಕೇಳಬಹುದು. ಅದು ನಾನೇ.

ತಮ್ಮ ಗುಣಗಾನ ಮಾಡದೆ ಮುಂದೆ ಹೋದರೆ ಅಪಚಾರವಾದೀತು. ತಾವು ಹೊಗೆ ಬಿಡುವವರಲ್ಲ, ಪೆಟ್ರೋಲ್ ಕುಡಿಯುವವರಲ್ಲ, ಗುಡುಗುಡು ಎಂದು ಊರನ್ನೆಬ್ಬಿಸುವವರಲ್ಲ. ಮೇಲಾಗಿ ತಮಗೆ ಲೈಸೆನ್ಸ್ ಬೇಡ, ನಂಬರ್ ಪ್ಲೇಟ್ ಬೇಡ, ವಿಮೆಯೂ ಬೇಡ. ಮೋಟಾರಿನ ಶಕ್ತಿ ಇನ್ನೂರೈವತ್ತು ವ್ಯಾಟಿಗಿಂತ, ವೇಗ ಗಂಟೆಗೆ ಇಪ್ಪತ್ತೈದು ಕಿಲೋಮೀಟರಿಗಿಂತ ಕಡಿಮೆ ಇರುವ ತಮ್ಮಂಥವರನ್ನು ಕಾನೂನು ಮೋಟಾರು ವಾಹನವೆಂದೇ ಎಣಿಸುವುದಿಲ್ಲ. ಇದನ್ನು ಕಂಡುಹಿಡಿದು, ನಿಯಮದ ಪ್ರತಿಯನ್ನು ಕೆಂಪು ಶಾಯಿಯಲ್ಲಿ ಗೆರೆ ಎಳೆದು ಆಸ್ಯಮ್ಮನವರಿಗೆ ಓದಿ ಹೇಳಿ, “ಆರ್‌ಟಿಓ ಮೆಟ್ಟಿಲು ಹತ್ತುವ ತಾಪತ್ರಯವೇ ಇಲ್ಲ, ಕಣ್ಣು ಮುಚ್ಚಿ ತೆಗೊಳ್ಳಿ” ಎಂದವನೂ ನಾನೇ. ಅವರು ಕಣ್ಣು ಮುಚ್ಚಿ ತೆಗೆದುಕೊಂಡರು.

ಇನ್ನು ಆಸ್ಪತ್ರೆಯ ವಿಚಾರ. ಆಟೋದಲ್ಲಿ ನನ್ನನ್ನು ಕೂರಿಸಿಕೊಂಡು ಹೋದವರೂ ಆಸ್ಯಮ್ಮನೇ. ಯುವ ವೈದ್ಯರು “ಎಂತ ಆದದ್ದು?” ಎಂದು ಕೇಳಿ ಪೆನ್ನು ತೆಗೆದಾಗ, ಮೈಯೆಲ್ಲ ಧೂಳಾಗಿ ನಿಂತಿದ್ದ ಆಸ್ಯಮ್ಮ ನಿಜ ಹೇಳಲು ಬಾಯಿ ತೆರೆದರು. ಪೊಲೀಸ್ ಕೇಸಾದರೆ ಸ್ಕೂಟರ್ ಹೋಗುತ್ತದೆ, ಸ್ಕೂಟರ್ ಹೋದರೆ ರೊಟ್ಟಿ ಹೋಗುತ್ತದೆ, ಜೊತೆಗೆ ನೆರೆಹೊರೆ ಎಂಬ ದಾಕ್ಷಿಣ್ಯ ಬೇರೆ. ನೋವಿನ ನಡುವೆಯೂ ನಾನು ಮುಂದೆ ಹಾರಿ, “ಬಚ್ಚಲಲ್ಲಿ ಜಾರಿದ್ದು ಡಾಕ್ಟ್ರೇ” ಎಂದೆ. ವೈದ್ಯರು ನನ್ನ ಬಿಳಿ ಪಂಚೆಯ ಮೇಲೆ ತೊಡೆಯಿಂದ ಮೊಣಕಾಲಿನವರೆಗೆ ಅಚ್ಚೊತ್ತಿದ್ದ ತಮ್ಮ ಟಯರಿನ ಗುರುತನ್ನು ನೋಡಿದರು, ನನ್ನ ಮುಖ ನೋಡಿದರು, ಆಮೇಲೆ ಬಚ್ಚಲು ಎಂದು ಬರೆದುಕೊಂಡರು. ಮೂವತ್ತೊಂದು ವರ್ಷ ಗಾಯದ ಪ್ರಮಾಣಪತ್ರಗಳನ್ನೇ ಓದಿದ ನಾನು, ನನ್ನದೇ ಪ್ರಮಾಣಪತ್ರವನ್ನು ಹೀಗೆ ಬರೆಸಿಕೊಂಡೆ.

ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿದೆ, ಇನ್ನೊಂದು ಶಸ್ತ್ರಚಿಕಿತ್ಸೆ ಆಗಲೇಬೇಕು ಎಂದು ಏಪ್ರಿಲಿನಲ್ಲಿ ಗೊತ್ತಾದಾಗ ನನ್ನ ಮಗ ದೀಪೇಶ್ ಎದ್ದು ನಿಂತ. ಬೈಕಂಪಾಡಿಯ ಕಾರ್ಖಾನೆಯೊಂದರಲ್ಲಿ ಸುರಕ್ಷತಾ ಅಧಿಕಾರಿಯಾಗಿರುವ ಅವನಿಗೆ ಪೆಟ್ಟಾದವರ ಹಕ್ಕು ಬಾಯಿಪಾಠ. ಪರಿಹಾರದ ಅರ್ಜಿಗೆ ಆರು ತಿಂಗಳ ಗಡುವು ಉಂಟು, ಅದು ಮುಗಿಯಲು ಹದಿನೈದೇ ದಿನ ಎಂದು ನನ್ನನ್ನು ವಕೀಲ ಲಿಗೋರಿಯವರಲ್ಲಿಗೆ ಎಳೆದುಕೊಂಡು ಹೋದ. ಲಿಗೋರಿಯವರು ಹಿಂದೆ ನನ್ನೆದುರು ಎಷ್ಟೋ ಕೇಸುಗಳಲ್ಲಿ ವಾದಿಸಿ ಸೋತವರು. ನಾನು ಕಕ್ಷಿದಾರನಾಗಿ ಒಳಗೆ ಬಂದದ್ದನ್ನು ನೋಡಿ ಅವರ ಮುಖದಲ್ಲಿ ಮೂಡಿದ ಸಂತೋಷವನ್ನು ನಾನು ಈವರೆಗೆ ಮದುವೆಮನೆಗಳಲ್ಲಿ ಮಾತ್ರ ಕಂಡಿದ್ದೆ.

ಅವರು ಶಾಂತವಾಗಿ ದಾರಿಗಳನ್ನು ಬಿಡಿಸಿ ಹೇಳಿದರು. ಮೋಟಾರು ಅಪಘಾತ ನ್ಯಾಯಮಂಡಳಿಗೆ ಹೋಗೋಣವೆಂದರೆ ತಾವು ಮೋಟಾರು ವಾಹನವೇ ಅಲ್ಲ. ತಯಾರಿಕೆಯ ದೋಷವೆಂದು ಕಂಪನಿಯ ಮೇಲೆ ಗ್ರಾಹಕರ ಆಯೋಗಕ್ಕೆ ಹೋಗಬಹುದು, ಆದರೆ ಯಂತ್ರವನ್ನು ಯಾರೂ ಮುಟ್ಟಿರಬಾರದು. ಅಷ್ಟರಲ್ಲಿ ನಾನು ಕೆಮ್ಮಿದೆ. ಎರಡು ಡಬ್ಬಿ ರೊಟ್ಟಿ ಹೇರಿಕೊಂಡು ತಾವು ನಮ್ಮ ಏರು ಹತ್ತಲಾರದೆ ಏದುಸಿರು ಬಿಡುವುದನ್ನು ನೋಡಲಾರದೆ, ಮೆಕ್ಯಾನಿಕ್ ಮುಖೇಶನನ್ನು ಕರೆಸಿ, ತಮ್ಮ ವೇಗಕ್ಕೆ ಕಡಿವಾಣ ಹಾಕಿದ್ದ ತಂತಿಯನ್ನು ಕತ್ತರಿಸಿ ನಲವತ್ತೈದರ ವೇಗ ಬರುವಂತೆ ಮಾಡಿಸಿದ್ದು ನಾನೇ ಎಂದು ಒಪ್ಪಿಕೊಂಡೆ. ಹಾಗಾದರೆ ಆ ಕ್ಷಣದಿಂದ ತಾವು ಮೋಟಾರು ವಾಹನವಾಗಿಬಿಟ್ಟಿರಿ ಎಂದು ಲಿಗೋರಿ ಉತ್ಸಾಹದಿಂದ ಹೇಳಿದರು. ನ್ಯಾಯಮಂಡಳಿಯ ಬಾಗಿಲು ತೆರೆಯಿತು. ಆದರೆ ವಿಮೆ ಇಲ್ಲ, ನೋಂದಣಿ ಇಲ್ಲ, ಓಡಿಸಿದವರಿಗೆ ಲೈಸೆನ್ಸ್ ಇಲ್ಲ, ಆದ್ದರಿಂದ ಪರಿಹಾರವೆಲ್ಲ ಆಸ್ಯಮ್ಮನವರ ಕೈಯಿಂದಲೇ ಬರಬೇಕು. ತಂತಿ ಕತ್ತರಿಸಲು ಪ್ರೇರಣೆ ಕೊಟ್ಟವನ ವಿಚಾರವೂ ಎದುರಿನ ವಕೀಲರ ಬಾಯಿಯಲ್ಲಿ ಬಾರದೆ ಇರುವುದಿಲ್ಲ.

ಇಲ್ಲಿ ಒಂದು ತಿದ್ದುಪಡಿ ಸಲ್ಲಿಸಬೇಕಾಗಿದೆ. ತಾವು ಹಿಂದಿನಿಂದ ಬಂದಿರಿ ಎಂದು ಮೇಲೆ ಬರೆದಿದ್ದೇನೆ. ತಾವು ಮುಂದಿನಿಂದ ಬಂದಿರಿ. ನಾನು ಅಂಚಿನಲ್ಲಿ ನಡೆಯುತ್ತಿರಲಿಲ್ಲ, ಇಳಿಜಾರಿನ ನಟ್ಟನಡುವೆ ನಿಂತಿದ್ದೆ. ತಂತಿ ಕತ್ತರಿಸಿದ ಮರುದಿನ ತಮ್ಮ ಬ್ರೇಕನ್ನು ಪರೀಕ್ಷಿಸಲೆಂದು, ಟ್ರಾಫಿಕ್ ಪೊಲೀಸರಂತೆ ಬಲಗೈ ಎತ್ತಿ, “ಬನ್ನಿ ಆಸ್ಯಮ್ಮ, ಹೆದರ್ಬೇಡಿ, ನನ್ನ ಕೈಯ ಹತ್ರ ಬಂದು ನಿಲ್ಸಿ” ಎಂದು ಕೂಗಿದ್ದೆ. ಅವರು ಹೇಳಿದ ಹಾಗೇ ನನ್ನ ಕೈಯ ಹತ್ತಿರ ಬಂದರು, ನಿಲ್ಲುವುದೊಂದು ಆಗಲಿಲ್ಲ. ಇದನ್ನೆಲ್ಲ ಕೇಳಿ ಲಿಗೋರಿಯವರು ಕನ್ನಡಕ ತೆಗೆದು, “ಗುರುವಪ್ಪಣ್ಣ, ನಿಮ್ಮ ಕೇಸಿನಲ್ಲಿ ಎದುರು ಪಾರ್ಟಿ ಯಾರು ಅಂತ ಹುಡುಕಿದಷ್ಟೂ ನೀವೇ ಸಿಗ್ತೀರಿ ಮಾರಾಯ್ರೆ” ಎಂದರು. ಇರಲಾರದೆ ಇರುವೆ ಬಿಟ್ಟುಕೊಂಡ ಎಂಬ ಮಾತನ್ನು ಯಾರೋ ನನ್ನನ್ನು ನೋಡಿಯೇ ಹೇಳಿರಬೇಕು.

ಬಚ್ಚಲಿನ ಮಾತನ್ನು ತಿದ್ದಿ ಪೊಲೀಸರಿಗೆ ನಿಜ ಹೇಳಿದರೆ ಕೇಸು ನಿಲ್ಲುವ ಸಾಧ್ಯತೆ ಈಗಲೂ ಇದೆ ಎಂದರು. ಮನೆಗೆ ಬಂದ ಮೇಲೆ ನನಗೆ ನಿದ್ದೆ ಬರಲಿಲ್ಲ. ತಮ್ಮಿಂದಾಗಿ ಅಲ್ಲ, ಮುದ್ದುವಿನಿಂದಾಗಿ. ಬಹಳ ಹಿಂದೆ ಬೈಕಂಪಾಡಿಯ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದ ಮುದ್ದು ಎಂಬವನ ಸೊಂಟಕ್ಕೆ ಧಣಿಯ ಟೆಂಪೊ ಬಡಿದಿತ್ತು. ಓಡಿಸಿದ್ದು ಧಣಿಯ ಮಗ. ಮುದ್ದು ಆಸ್ಪತ್ರೆಯಲ್ಲಿ “ಏಣಿಯಿಂದ ಬಿದ್ದೆ” ಎಂದು ಬರೆಸಿದ. ನಂತರ ಅವನು ಕ್ಲೇಮು ಹಾಕಿದಾಗ ನಾನು ಆ ಒಂದು ಸಾಲನ್ನು ಹಿಡಿದು ಅರ್ಜಿ ತಿರಸ್ಕರಿಸಿದೆ. ಆ ಪತ್ರದ ಅಚ್ಚುಕಟ್ಟಿಗೆ ಮ್ಯಾನೇಜರರು ಬೆನ್ನು ತಟ್ಟಿದ್ದರು. ಮುದ್ದು ಕಚೇರಿಯ ಬೆಂಚಿನಲ್ಲಿ ಸಂಜೆಯವರೆಗೆ ಕುಳಿತಿದ್ದು, “ಅವರ ಮನೆಯ ಅನ್ನ ತಿಂದವ ಸಾರ್, ಹೇಗೆ ಹೇಳುವುದು?” ಎಂದಷ್ಟೇ ಹೇಳಿ, ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದ. ಹೀಗೂ ಸುಳ್ಳು ಹೇಳುವವರು ಇರುತ್ತಾರೆಯೇ ಎಂದು ನಾನು ಊಟದ ಹೊತ್ತಿನಲ್ಲಿ ಎಲ್ಲರಿಗೂ ಹೇಳಿ ನಗಿಸಿದ್ದೆ. ಅದನ್ನು ಈಗ ನೆನೆದರೆ ನನಗೆ ನಾಚಿಕೆಯಾಗುತ್ತದೆ.

ಮರುದಿನ ಬೆಳಿಗ್ಗೆ ಆಸ್ಯಮ್ಮ ಬಂದರು. ದೀಪೇಶ್ ಅವರಿಗೆ ವಿಷಯ ತಿಳಿಸಿದ್ದನಂತೆ. ಒಂದು ತಟ್ಟೆ ಬಿಸಿ ರೊಟ್ಟಿಯ ಪಕ್ಕದಲ್ಲಿ ತಮ್ಮ ಕೀಲಿಕೈಯನ್ನು ಇಟ್ಟು, “ಕೇಸು ಹಾಕಿ. ಪೊಲೀಸರು ಕೇಳಿದ್ರೆ ನಾನು ಇದ್ದದ್ದನ್ನು ಇದ್ದ ಹಾಗೆ ಹೇಳ್ತೇನೆ. ಸ್ಕೂಟರ್ ಹೋದ್ರೆ ಹೋಗ್ಲಿ, ಬಸ್ಸು ಉಂಟಲ್ಲ. ನಿಮ್ಮ ಕೈ ಹೋಗ್ಬಾರ್ದು” ಎಂದರು. ಡಬ್ಬಿ ಹೊತ್ತು ಬಸ್ಸು ಹತ್ತಿದ ಹನ್ನೆರಡು ವರ್ಷ ಅವರ ಭುಜದಲ್ಲಿ ಇನ್ನೂ ಕಾಣುತ್ತದೆ. ನನಗೆ ಅಳು ಬಂತು, ರೊಟ್ಟಿ ಬಿಸಿ ಇದೆ ಎಂದು ನೆಪ ಹೇಳಿದೆ. ಕೀಲಿಕೈಯನ್ನು ಅವರಿಗೇ ಮರಳಿ ಕೊಟ್ಟೆ. ಗಡುವು ಮೊನ್ನೆ ಮುಗಿಯಿತು. ಶಸ್ತ್ರಚಿಕಿತ್ಸೆಗೆ ಹೆಂಡತಿ ತನ್ನ ಎರಡು ಬಳೆಗಳನ್ನು ಬಿಚ್ಚಿಟ್ಟಿದ್ದಾಳೆ. ದೀಪೇಶ್ ನನ್ನೊಂದಿಗೆ ಮಾತು ಬಿಟ್ಟಿದ್ದಾನೆ. ಅವನು ಹೇಳುವುದು ಸರಿ, ನಾನು ಮಾಡಿದ್ದೂ ತಪ್ಪಲ್ಲ, ಇವೆರಡನ್ನೂ ಒಟ್ಟಿಗೆ ವಿಚಾರಣೆ ಮಾಡುವ ನ್ಯಾಯಾಲಯ ಎಲ್ಲಿದೆಯೋ ನನಗೆ ತಿಳಿಯದು.

ಆದುದರಿಂದ ತಮ್ಮಲ್ಲಿ ನನ್ನ ಬೇಡಿಕೆಗಳು ಅಲ್ಪ. ಇನ್ನು ಮುಂದೆ ಯಾರ ಮೇಲಾದರೂ ಬರುವ ಮೊದಲು ದಯವಿಟ್ಟು ಗಂಟಲು ಸರಿಪಡಿಸಿಕೊಂಡು ಒಮ್ಮೆ ಕೆಮ್ಮಬೇಕು. ತಾವು ವಾಹನವೋ ಅಲ್ಲವೋ ಎಂಬುದನ್ನು ಬಡಿಯುವುದಕ್ಕೆ ಮುಂಚೆಯೇ ಲಿಖಿತವಾಗಿ ತಿಳಿಸಬೇಕು, ಸಾಧ್ಯವಾದರೆ ಎರಡು ಪ್ರತಿಗಳಲ್ಲಿ. ಮುಖೇಶನಿಂದ ತಂತಿಯನ್ನು ಮತ್ತೆ ಜೋಡಣೆ ಮಾಡಿಸಿದ್ದೇನೆ, ತಾವು ಪುನಃ ಇಪ್ಪತ್ತೈದರ ಒಳಗಿನ ಸಾತ್ವಿಕರಾಗಿದ್ದೀರಿ. ಹಾಗಾಗಿ ಎರಡು ಡಬ್ಬಿ ಹೇರಿದರೆ ಏರು ಹತ್ತುವುದಿಲ್ಲ. ಪ್ರತಿದಿನ ಬೆಳಿಗ್ಗೆ ಆರೂವರೆಗೆ ತಮ್ಮ ಹಿಂಭಾಗಕ್ಕೆ ಎಡಗೈ ಕೊಟ್ಟು ಏರಿನ ತುದಿಯವರೆಗೆ ನೂಕುತ್ತಿರುವ ಮುದುಕ ಯಾರೆಂದು ತಮಗೆ ಕನ್ನಡಿಯಲ್ಲಿ ಕಾಣುತ್ತಿರಬಹುದು. ಪೆಟ್ಟು ಕೊಟ್ಟವರಿಗೆ ಪೆಟ್ಟು ತಿಂದವನೇ ಪರಿಹಾರ ಕೊಡುವ ಇಂಥ ಪ್ರಕರಣ ನನ್ನ ಇಡೀ ಸೇವಾವಧಿಯಲ್ಲಿ ಬಂದಿರಲಿಲ್ಲ. ಬಂದಿದ್ದರೆ ನಾನು ಅದನ್ನೂ ತಿರಸ್ಕರಿಸುತ್ತಿದ್ದೆ.

ಇಂತು,
ತಮ್ಮ ವಿಶ್ವಾಸಿ ಹಾಗೂ ತಮ್ಮ ಬೆಳಗಿನ ಹೆಚ್ಚುವರಿ ಮೋಟಾರು,
ಗುರುವಪ್ಪ

ವಿ.ಸೂ.: ಶಸ್ತ್ರಚಿಕಿತ್ಸೆಗೆ ಮುಂಚೆ ಬೆರಳುಗಳ ವ್ಯಾಯಾಮಕ್ಕೆಂದು ಕಂಕನಾಡಿಯ ಆಸ್ಪತ್ರೆಗೆ ಹೋಗಬೇಕಾಗಿದೆ. ಆಟೋ ಸಿಗದ ಕಾರಣ, ಈ ಪತ್ರ ಮುಗಿಸುತ್ತಿರುವಾಗಲೇ ಆಸ್ಯಮ್ಮ ಅಂಗಳದಲ್ಲಿ ತಮ್ಮ ಹಾರ್ನ್ ಹೊಡೆದು “ಬನ್ನಿ, ಹಿಂದೆ ಕೂತ್ಕೊಳ್ಳಿ” ಎಂದು ಕರೆಯುತ್ತಿದ್ದಾರೆ, ಹೆಂಡತಿಯೂ ಹೋಗಿ ಎನ್ನುತ್ತಿದ್ದಾಳೆ. ಇಂದು ಮಾತ್ರ ದಯವಿಟ್ಟು ಜೋಪಾನವಾಗಿ ಒಯ್ಯಿರಿ. ಅದೇ ಆಸ್ಪತ್ರೆ, ಅದೇ ವೈದ್ಯರು. ಇಬ್ಬರೂ ಒಟ್ಟಿಗೆ ಬಚ್ಚಲಲ್ಲಿ ಜಾರಿದೆವೆಂದು ಹೇಳುವಂತಿಲ್ಲ.